ವಿದೇಶಕ್ಕೆ ಹೊರಡುವವರಿಗೆ ಜಿಲ್ಲೆಯಲ್ಲೊಂದು ಮಾಹಿತಿ ಕೇಂದ್ರ ಬೇಕು

ಮಾನ್ಯ ಸಂಪಾದಕರೇ,

2021ರ ಕೊರೊನಾ ಲಾಕ್‌ಡೌನ್‌ನ ಈ ದಿನಗಳಲ್ಲಿ ಉಡುಪಿ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ನಡೆಯುತ್ತಿರುವ ಚರ್ಚೆಯೊಂದರತ್ತ ಜಿಲ್ಲಾಡಳಿತದ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಕೆಲಸ ಕಳೆದುಕೊಂಡವರು, ಅರ್ಧ ಸಂಬಳದಲ್ಲಿ ದಿನ ದೂಡುತ್ತಿರುವವರು, ಈಗಷ್ಟೇ ಓದು ಮುಗಿಸಿದವರು, ವಿಮಾನ ಸಂಚಾರ ಶುರುವಾದ ಕೂಡಲೇ ಹೊರಟುಬಿಡುವುದೋ ಇಲ್ಲೇ ಉಳಿಯುವುದೋ ಎಂದು ತೂಗಿ ನೋಡುತ್ತಿದ್ದಾರೆ. ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಮಗಳೂ ಅವರಲ್ಲೊಬ್ಬಳು. ಎರಡನೇ ಅಲೆಯಲ್ಲಿ ಪಿಪಿಇ ಕಿಟ್ ತೊಟ್ಟು ರಾತ್ರಿಪಾಳಿ ಮಾಡಿದವಳ ಕೈಗೆ ಬರುವ ಸಂಬಳ ನೋಡಿದರೆ, ಹೋಗಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮುಂಬೈಯ ಹೋಟೆಲುಗಳ, ಗಲ್ಫಿನ ದುಡಿಮೆಯ ಹಣದಿಂದ ಮನೆ ಕಟ್ಟಿಕೊಂಡ ಜಿಲ್ಲೆಯಲ್ಲಿ ದೇಶಪ್ರೇಮದ ಉಪದೇಶ ಮಾಡುವುದೂ ತರವಲ್ಲ.

ಆದರೆ ಏಜೆಂಟರೊಬ್ಬರು ಅವಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಆಫರ್ ಲೆಟರಿನಲ್ಲಿ ಸಂಬಳದ ಮೊತ್ತ ಮಾತ್ರ ದಪ್ಪಕ್ಷರದಲ್ಲಿದೆ. ಕಾಯಿಲೆ ಬಿದ್ದರೆ ರಜೆ ಎಷ್ಟು, ಆಸ್ಪತ್ರೆಯ ಖರ್ಚು ಯಾರದು, ವಿಮಾನ ನಿಂತು ಊರಲ್ಲೇ ಸಿಕ್ಕಿಕೊಂಡರೆ ಕೆಲಸ ಉಳಿಯುತ್ತದೆಯೇ ಎಂಬುದಕ್ಕೆ ಒಂದು ಸಾಲೂ ಇಲ್ಲ. ಇವು ಸುಮ್ಮನೆ ಹುಟ್ಟಿದ ಸಂಶಯಗಳಲ್ಲ. ಕಳೆದ ವರ್ಷ ಮಾರ್ಚ್‌ನಲ್ಲಿ ವಿಮಾನಗಳು ನಿಂತ ಮೇಲೆ ದುಬೈಯಲ್ಲಿ ಸಿಲುಕಿದ ನಮ್ಮ ಕರಾವಳಿಯವರಿಗೆ ಹೊರದೇಶಗಳಲ್ಲಿ ಸಿಲುಕಿದವರನ್ನು ಕರೆತರಲು ಸರ್ಕಾರ ಓಡಿಸಿದ ‘ವಂದೇ ಭಾರತ್’ ವಿಮಾನಗಳಲ್ಲಿ ಮಂಗಳೂರಿನ ಮೊದಲನೆಯದು ಸಿಕ್ಕಿದ್ದು ಮೇ 12ರಂದು. ಈ ಬಾರಿ ಪರಿಸ್ಥಿತಿ ತಿರುವುಮುರುವಾಗಿದೆ: ಏಪ್ರಿಲ್ ಕೊನೆಯ ವಾರದಿಂದ ಯುಎಇ ಭಾರತದ ಪ್ರಯಾಣಿಕರನ್ನು ತಡೆದಿರುವುದರಿಂದ, ರಜೆಗೆಂದು ಬಂದ ನಮ್ಮ ನೆರೆಮನೆಯ ಹುಡುಗ ವೀಸಾದ ಅವಧಿ ಲೆಕ್ಕ ಹಾಕುತ್ತಾ ಕುಳಿತಿದ್ದಾನೆ.

ಲಸಿಕೆಯದ್ದು ಇನ್ನೊಂದು ಗೊಂದಲ. ಉದ್ಯೋಗಕ್ಕೋ ಓದಿಗೋ ವಿದೇಶಕ್ಕೆ ಹೋಗುವವರು ಕೋವಿಶೀಲ್ಡ್‌ನ ಎರಡನೇ ಡೋಸನ್ನು 84 ದಿನ ಕಾಯದೆ 28 ದಿನಗಳ ಬಳಿಕ ಪಡೆಯಬಹುದು, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರಬೇಕು ಎಂದು ಕೇಂದ್ರ ಸರ್ಕಾರ ಜೂನ್ 7ರಂದು ತಿಳಿಸಿದೆ. ಲಸಿಕಾ ಕೇಂದ್ರವೊಂದರಲ್ಲಿ ವಿಚಾರಿಸಿದಾಗ ಅಲ್ಲಿನ ಸಿಬ್ಬಂದಿಗೆ ಆ ವಿಷಯವೇ ಗೊತ್ತಿರಲಿಲ್ಲ. ಕೊವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಇನ್ನೂ ಸಿಗದ ಕಾರಣ ಅದನ್ನು ಹಾಕಿಸಿಕೊಂಡವರ ಪಾಡು ಹೇಳತೀರದು.

1983ರ ವಲಸೆ ಕಾಯ್ದೆಯ ಪ್ರಕಾರ ನೇಮಕಾತಿ ಏಜೆಂಟರು ನೋಂದಣಿ ಮಾಡಿಸಿಕೊಂಡಿರಬೇಕು; ಅವರು 30 ಸಾವಿರ ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಹೆಸರು ನೋಂದಣಿಯಾಗಿದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಮಗಳಿಗೆ ಕೇಳಿದ ಮೊತ್ತ ಇದರ ಹಲವು ಪಟ್ಟು. ಆದಾಯ ನಿಂತ ಮನೆಗಳು ಚಿನ್ನ ಅಡವಿಟ್ಟು ಇಂಥ ಹಣ ಹೊಂದಿಸುವ ಕಾಲ ಇದು ಎಂಬುದು ಏಜೆಂಟರಿಗೆ ಚೆನ್ನಾಗಿ ಗೊತ್ತಿದೆ.

ನೆರೆಯ ಕೇರಳ 1996ರಲ್ಲೇ ಹೊರನಾಡಿನಲ್ಲಿರುವ ತನ್ನವರಿಗಾಗಿ ನೋರ್ಕಾ ಇಲಾಖೆ ತೆರೆದಿದೆ. ಅಷ್ಟು ದೊಡ್ಡದು ಇಂದೇ ಆಗಲಿ ಎಂದು ನಾನು ಕೇಳುತ್ತಿಲ್ಲ. ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಏಜೆಂಟರ ನೋಂದಣಿ, ಕರಾರುಪತ್ರ ಮತ್ತು ಲಸಿಕಾ ಪ್ರಮಾಣಪತ್ರಗಳ ಬಗ್ಗೆ ತಿಳಿದವರೊಬ್ಬರನ್ನು ನೇಮಿಸಿ, ಲಾಕ್‌ಡೌನ್ ಪೂರ್ತಿ ತೆರವಾಗುವ ತನಕ ಅವರು ಫೋನಿನಲ್ಲಿ ಸಿಗುವಂತೆ ಮಾಡಿ, ಆ ಸಂಖ್ಯೆಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಬೇಕೆಂದು ಕೋರುತ್ತೇನೆ.

ಇತಿ,
ಓದುಗ, ಬ್ರಹ್ಮಾವರ
ಜೂನ್ 2021