ಇಟಲಿಗೆ ಕಾರೋ ರೈಲೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಪ್ಪ ಅಮ್ಮನನ್ನು ಕರಕೊಂಡು ಹನ್ನೆರಡು ದಿನ ಇಟಲಿ ಸುತ್ತೋದಕ್ಕೆ ಕಾರು ಬಾಡಿಗೆಗೆ ಹಿಡಿಯಲೋ, ರೈಲ್ವೆ ಪಾಸ್ ಮಾಡಿಸಲೋ ಅಂತ ಕೇಳಿದ್ದೀಯ. ಇಡೀ ಪ್ರವಾಸಕ್ಕೆ ಅಂತಾದರೆ ಎರಡೂ ಬೇಡ. ರೋಮ್, ಫ್ಲಾರೆನ್ಸ್, ವೆನಿಸ್ ನಡುವೆ ಬಿಡಿ ಬಿಡಿಯಾಗಿ ರೈಲು ಟಿಕೆಟ್ ತೆಗೆಸು. ಕಾರು ಬೇಕಾಗೋದು ಫ್ಲಾರೆನ್ಸ್ ಸುತ್ತಲಿನ ಟಸ್ಕನಿ ಪ್ರಾಂತ್ಯದ ಗುಡ್ಡದ ಊರುಗಳನ್ನು ನೋಡುವ ಎರಡು ದಿನಕ್ಕೆ ಮಾತ್ರ.

ರೋಮಿನ ಟರ್ಮಿನಿ ನಿಲ್ದಾಣದಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಇಳಿಯೋದು ಊರ ನಡುವೆಯೇ, ದೊಡ್ಡ ಗುಮ್ಮಟದ ಚರ್ಚಿಗೆ ಅಲ್ಲಿಂದ ನಡೆದೇ ಹೋಗಬಹುದು. ಕಾರಿನಲ್ಲಿ ಅದೇ ದಾರಿಗೆ ಮೂರು ಗಂಟೆ ಬೇಕು, ಟೋಲ್ ಬೇರೆ. ವೆನಿಸಿನಲ್ಲಂತೂ ಕಾರು ಊರಂಚಿನ ಪಿಯಾತ್ಸಾಲೆ ರೋಮಾ ಚೌಕ ದಾಟಿ ಒಳಗೆ ಹೋಗುವ ಹಾಗೇ ಇಲ್ಲ. ಅಲ್ಲಿ ನಿಲ್ಲಿಸಿ, ಬಳಸದ ದಿನಗಳಿಗೂ ಬಾಡಿಗೆ ಮತ್ತು ಪಾರ್ಕಿಂಗ್ ಎರಡನ್ನೂ ಕಟ್ಟುತ್ತಿರಬೇಕು. ನೀನು ಕೇಳಿದ ರೈಲ್ವೆ ಪಾಸ್, ಅಂದರೆ ಯೂರೇಲ್ ಪಾಸ್, ಇದ್ದರೂ ವೇಗದ ರೈಲಿನ ಸೀಟಿಗೆ ಪ್ರತಿ ಸಲ ಬೇರೆ ಹಣ ಕೊಡಬೇಕು, ಇಟಾಲೊ ಅನ್ನೋ ಖಾಸಗಿ ಕಂಪನಿಯ ರೈಲುಗಳಲ್ಲಿ ಪಾಸ್ ನಡೆಯೋದೇ ಇಲ್ಲ. ನಿನ್ನ ಮೂರು ನಾಲ್ಕು ಪ್ರಯಾಣಕ್ಕೆ ಅದು ಗಿಟ್ಟುವುದಿಲ್ಲ.

ಸರ್ಕಾರಿ ಕಂಪನಿ ಟ್ರೆನಿಟಾಲಿಯಾದ ವೇಗದ ರೈಲು ಫ್ರೆಚ್ಚರೊಸ್ಸಾ ಮತ್ತು 2012ರಲ್ಲಿ ಶುರುವಾದ ಖಾಸಗಿ ಇಟಾಲೊ, ಎರಡೂ ಒಂದೇ ಹಳಿಯ ಮೇಲೆ ಪೈಪೋಟಿಯಲ್ಲಿ ಓಡುತ್ತವೆ. ಹಾಗಾಗಿ ಎರಡರ ದರವನ್ನೂ ನೋಡಿ ತೊಗೊ. ದರ ವಿಮಾನದ ಟಿಕೆಟ್ಟಿನ ಹಾಗೆ ದಿನ ಹತ್ತಿರ ಬಂದಷ್ಟೂ ಏರುತ್ತದೆ. ಫ್ರೆಚ್ಚರೊಸ್ಸಾದ ಸೂಪರ್ ಎಕಾನಮಿ ದರದ ಟಿಕೆಟ್ ತುಂಬ ಅಗ್ಗ, ಆದರೆ ಅದನ್ನು ಬದಲಾಯಿಸೋಕೂ ಆಗಲ್ಲ, ದುಡ್ಡೂ ವಾಪಸ್ ಬರಲ್ಲ. ನೀನು ವಿಮಾನ ಇಳಿಯುವ ದಿನಕ್ಕೆ ಮಾತ್ರ ಅದನ್ನು ತೊಗೊಳ್ಳಬೇಡ. ವಿಮಾನ ಎರಡು ಗಂಟೆ ತಡವಾದರೆ ಟಿಕೆಟ್ಟೆಲ್ಲ ಹೋದ ಹಾಗೆ. ಆ ದಿನಕ್ಕೆ ಬಾಸೆ, ಅಂದರೆ ಮಾಮೂಲಿ, ದರವೇ ಸರಿ, ರೈಲು ಹೊರಡುವ ಮುಂಚೆ ಬೇರೆ ಹೊತ್ತಿಗೆ ಬದಲಾಯಿಸಿಕೊಳ್ಳಬಹುದು.

ಊರೂರಿಗೆ ನಿಲ್ಲುವ ರೆಜೊನಾಲೆ ರೈಲಿನ ಲೆಕ್ಕವೇ ಬೇರೆ. ಅದರ ದರ ಯಾವಾಗ ಕೊಂಡರೂ ಒಂದೇ, ಸೀಟ್ ನಂಬರ್ ಇರಲ್ಲ, ಅವಸರಪಟ್ಟು ಬುಕ್ ಮಾಡುವ ಅಗತ್ಯವೂ ಇಲ್ಲ. ಆದರೆ ಹೊರಗಿನವರು ದಂಡ ತೆರೋದು ಇಲ್ಲೇ. ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಹತ್ತಿರ ಇರುವ ಸಣ್ಣ ಪೆಟ್ಟಿಗೆಯ ಸೀಳಿನಲ್ಲಿ ತೂರಿಸಬೇಕು. ಟಕ್ ಅಂತ ಸದ್ದಾಗಿ ದಿನಾಂಕ, ಸಮಯ ಅಚ್ಚಾಗುತ್ತದೆ. ಅಚ್ಚು ನಿಜವಾಗಿ ಬಿತ್ತೋ ಇಲ್ಲವೋ ಅಂತ ಕಣ್ಣಿಟ್ಟು ನೋಡು. ಅಲ್ಲಿಂದ ನಾಲ್ಕು ಗಂಟೆ ಆ ಟಿಕೆಟ್ ನಡೆಯುತ್ತದೆ. ಅದು ಇಂಥದ್ದೇ ರೈಲಿಗೆ ಅಂತ ಇಲ್ಲವಲ್ಲ, ಅಚ್ಚಿಲ್ಲದಿದ್ದರೆ ಅದೇ ದಿನ ಇನ್ನೊಂದು ರೈಲಿನಲ್ಲೂ ಅದನ್ನೇ ಬಳಸಬಹುದು. ಅದಕ್ಕೇ ಟಿಕೆಟ್ ಪರೀಕ್ಷಕರು ಬಿಗಿ. ಮೊಬೈಲಿನಲ್ಲಿ ಕೊಂಡರೆ ಹತ್ತುವ ಮುಂಚೆ ಚೆಕ್-ಇನ್ ಒತ್ತಬೇಕು. ಸೀಟ್ ನಂಬರ್ ಇರುವ ವೇಗದ ರೈಲಿಗೆ ಇದ್ಯಾವುದೂ ಇಲ್ಲ.

ನಿಲ್ದಾಣದ ಬೋರ್ಡಿನಲ್ಲಿ ನಿನ್ನ ಊರ ಹೆಸರು ಹುಡುಕಬೇಡ, ರೈಲಿನ ನಂಬರ್ ಹುಡುಕು. ಅಲ್ಲಿ ಕಾಣೋದು ಕೊನೆಯ ನಿಲ್ದಾಣ. ಫ್ಲಾರೆನ್ಸಿಗೆ ಹೋಗುವ ರೈಲಿಗೆ ಮಿಲಾನೊ ಅಂತಲೋ ವೆನೆತ್ಸಿಯಾ ಅಂತಲೋ ಬರೆದಿರುತ್ತದೆ. ಬಿನಾರಿಯೊ ಅಂದರೆ ಪ್ಲಾಟ್‌ಫಾರ್ಮ್, ರಿತಾರ್ದೊ ಅಂದರೆ ತಡ. ವೆನಿಸಿಗೆ ಎರಡು ನಿಲ್ದಾಣ: ಮೆಸ್ತ್ರೆ ದಡದ ಮೇಲಿದೆ, ಸಾಂತಾ ಲೂಚಿಯಾ ನೀರಿನ ಊರೊಳಗಿದೆ. ಅಲ್ಲಿಂದ ಮುಂದೆ ವಪೊರೆತ್ತೊ ದೋಣಿ, 75 ನಿಮಿಷದ ಟಿಕೆಟ್ಟಿಗೆ 9.50 ಯೂರೊ. ಸೇತುವೆ ಸೇತುವೆಗೂ ಮೆಟ್ಟಿಲು ಇರುವುದರಿಂದ ಅವರವರು ಎತ್ತಬಲ್ಲಷ್ಟೇ ಲಗೇಜ್ ಇರಲಿ.

ಸಮುದ್ರ ದಡದ ಐದು ಹಳ್ಳಿಗಳ ಚಿಂಕ್ವೆ ತೆರ್ರೆಗೂ ಕಾರು ಬೇಡ. ಲಾ ಸ್ಪೆತ್ಸಿಯಾದಿಂದ ಲೆವಾಂತೊವರೆಗಿನ ರೈಲು ಐದೂ ಹಳ್ಳಿಯಲ್ಲಿ ನಿಲ್ಲುತ್ತದೆ. ಅವುಗಳಲ್ಲಿ ಕಾರ್ನಿಲಿಯಾದಲ್ಲಿ ಮಾತ್ರ ನಿಲ್ದಾಣದಿಂದ ಊರಿಗೆ ಸುಮಾರು 380 ಮೆಟ್ಟಿಲು. ಅಮ್ಮನ ಮೊಣಕಾಲಿಗೆ ಅದು ಆಗದು, ಐದರಲ್ಲಿ ಇನ್ನೊಂದಾದ ಮೊಂತೆರೊಸ್ಸೊದಲ್ಲಿ ಉಳಿದುಕೊಳ್ಳಿ.

ಇನ್ನು ಆ ಎರಡು ದಿನದ ಕಾರು. ಟಸ್ಕನಿಯ ಸಾನ್ ಜಿಮಿನ್ಯಾನೊಗೆ ರೈಲೇ ಇಲ್ಲ, ಪಿಯೆಂತ್ಸಾ ಕಡೆ ಭಾನುವಾರ ಬಸ್ಸು ಅಪರೂಪ. ಹಾಗಾಗಿ ಇಲ್ಲಿ ಕಾರಿಗೆ ಕೊಟ್ಟ ದುಡ್ಡು ದಂಡವಾಗಲ್ಲ. ಆದರೆ ಕಾರನ್ನು ಫ್ಲಾರೆನ್ಸಿನ ಊರೊಳಗೆ ತೊಗೊಳ್ಳಬೇಡ, ವಿಮಾನ ನಿಲ್ದಾಣದಲ್ಲಿ ತೊಗೊಂಡು ಅಲ್ಲೇ ಬಿಡು. ಹಳೇ ಊರಿನ ಬೀದಿಗಳು ಜೆಡ್‌ಟಿಎಲ್, ಅಂದರೆ ಪರವಾನಗಿ ಇದ್ದ ವಾಹನಕ್ಕೆ ಮಾತ್ರ. ಕೆಂಪು ಅಂಚಿನ ಬಿಳಿ ದುಂಡು ಫಲಕದ ಜೊತೆ ದೀಪದ ಬರಹ ಇರುತ್ತದೆ: ವಾರ್ಕೊ ಅತ್ತೀವೊ. ಅತ್ತೀವೊ ಅಂದರೆ ತೆರೆದಿದೆ ಅಂದುಕೊಂಡು ನುಗ್ಗುವವರೇ ಬಹಳ. ಅದರ ಅರ್ಥ ಕ್ಯಾಮೆರಾ ಕಾಯುತ್ತಿದೆ, ಒಳಗೆ ಬರಬೇಡ ಅಂತ. ಯಾರೂ ತಡೆಯೋದಿಲ್ಲ. ತಿಂಗಳುಗಳ ಮೇಲೆ ದಂಡದ ಚೀಟಿ ಮನೆಗೆ ಬರುತ್ತದೆ, ಬಾಡಿಗೆ ಕಂಪನಿ ತನ್ನ ಶುಲ್ಕವನ್ನು ಕಾರ್ಡಿನಲ್ಲಿ ಬೇರೆ ಹಿಡಿಯುತ್ತದೆ. ಒಂದೇ ದಿನ ಮೂರು ಗೇಟು ದಾಟಿದರೆ ಮೂರು ದಂಡ ಬೀಳಬಹುದು.

ನಮ್ಮ ಲೈಸೆನ್ಸ್ ಒಂದೇ ಸಾಲದು. ನಿನ್ನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ ಎರಡನ್ನೂ ಒಯ್ಯಿ. ಠೇವಣಿಗೆ ಓಡಿಸುವವನ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು, ಡೆಬಿಟ್ ಕಾರ್ಡನ್ನು ಕೌಂಟರಿನಲ್ಲಿ ಬೇಡ ಅಂದುಬಿಡಬಹುದು. ಅಲ್ಲಿ ಓಡಿಸೋದು ಬಲಬದಿಯಲ್ಲಿ, ಗೇರ್ ಕೈಗೆ ಬರೋದೂ ಬಲಕ್ಕೆ. ದುಡ್ಡು ಸ್ವಲ್ಪ ಹೆಚ್ಚಾದರೂ ಆಟೋಮ್ಯಾಟಿಕ್ ಕೇಳು. ಟೋಲ್ ಗೇಟಿನಲ್ಲಿ ಹಳದಿ ಟೆಲಿಪಾಸ್ ಸಾಲಿಗೆ ಹೋಗಬೇಡ, ಅದು ನಮ್ಮ ಫಾಸ್ಟ್ಯಾಗ್ ಥರದ ಸಾಧನ ಇರುವ ಕಾರಿಗೆ. ಪಾರ್ಕಿಂಗ್ ಬಿಳಿ ಗೆರೆಯಾದರೆ ಸಾಮಾನ್ಯವಾಗಿ ಉಚಿತ, ನೀಲಿಗೆ ಹಣ, ಹಳದಿ ನಮಗಲ್ಲ.

ಹೊರಡುವ ವಾರ ಶೋಪೆರೊ, ಅಂದರೆ ಮುಷ್ಕರ, ಇದೆಯೋ ಅಂತ ನೋಡು. ಮೊದಲೇ ಘೋಷಿಸಿಯೇ ಮಾಡುತ್ತಾರೆ. ಇದ್ದರೂ ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರ ಹೊತ್ತಿಗೆ ರೆಜೊನಾಲೆ ರೈಲುಗಳನ್ನು ಓಡಿಸಲೇಬೇಕು ಅಂತ ನಿಯಮ ಇದೆ.

ವೀಸಾ ಕೈಗೆ ಬಂದ ದಿನವೇ ರೋಮ್–ಫ್ಲಾರೆನ್ಸ್, ಫ್ಲಾರೆನ್ಸ್–ವೆನಿಸ್ ಎರಡೂ ಟಿಕೆಟ್ ತೆಗೆಸಿಬಿಡು. ಟಿಕೆಟ್ ಕೊಳ್ಳುವ ಮುಂಚೆ ರೈಲಿನ ನಂಬರ್‌ಗಳನ್ನು ನನಗೆ ಕಳಿಸು, ರೈಲು ಬದಲಾಯಿಸೋದಕ್ಕೆ ಸಮಯ ಸಾಲುತ್ತದೋ ನೋಡಿ ಹೇಳುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ