ಪಾಕೊ ಶಾಲೆ ಬಿಟ್ಟಿದ್ದರು ಎಂದೆಯಲ್ಲ, ಮಗಳೇ

ಬೆಳಗಾವಿ

ಮಗಳೇ, ಅವ್ವನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೇಲ್ ಓದಿದೆ. ನಿಮ್ಮಪ್ಪನೂ ಓದಿದರು. “ಇವಳು ವಕೀಲಿಕೆಗೆ ಹೋಗಬೇಕಾದವಳು” ಎಂದು ನಕ್ಕು, ಉತ್ತರ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿ ವಾಕಿಂಗ್‌ಗೆ ಹೊರಟರು.

ಹತ್ತನೇ ತರಗತಿ ಮುಗಿದ ಮೇಲೆ ಪಿಯುಸಿ ಬೇಡ, ಇಡೀ ದಿನ ಗಿಟಾರ್ ಒಂದೇ ಸಾಕು ಎಂಬುದು ನಿನ್ನ ವಾದ. ಸಾಕ್ಷಿಗೆ ಸ್ಪೇನಿನ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅವರನ್ನೇ ಕರೆತಂದು ನಿಲ್ಲಿಸಿದ್ದೀಯ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟರು, ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಆದರೂ ಜಗತ್ತು ತಲೆದೂಗಿತು ಎಂದಿದ್ದೀಯ. ಎಲ್ಲವೂ ನಿಜ. ಆದರೆ ಸಾಕ್ಷಿಯನ್ನು ಕರೆದ ಮೇಲೆ ಅವರ ಹೇಳಿಕೆಯನ್ನು ಪೂರ್ತಿ ಕೇಳಬೇಕಾಗುತ್ತದೆ.

ಪಾಕೊ ಹುಟ್ಟಿದ್ದು 1947ರಲ್ಲಿ, ದಕ್ಷಿಣ ಸ್ಪೇನಿನ ಅಲ್ಹೆಸಿರಾಸ್ ಎಂಬ ಬಂದರು ಪಟ್ಟಣದಲ್ಲಿ. ಅವರಪ್ಪ ಹಗಲು ಬಟ್ಟೆ ಮಾರಿ, ರಾತ್ರಿ ಹೆಂಡದಂಗಡಿಗಳಲ್ಲಿ ಗಿಟಾರ್ ನುಡಿಸಿ ಐದು ಮಕ್ಕಳನ್ನು ಸಾಕುತ್ತಿದ್ದವರು. ಹುಡುಗ ಶಾಲೆ ಬಿಟ್ಟದ್ದು ತಾನು ಪ್ರತಿಭಾವಂತನೆಂದಲ್ಲ, ಓದಿಸಲು ಮನೆಯಲ್ಲಿ ದುಡ್ಡಿರಲಿಲ್ಲವೆಂದು. ಗಿಟಾರ್ ಆ ಮನೆಗೆ ಅನ್ನದ ದಾರಿಯಾಗಿತ್ತು. ನಮಗೆ ಆ ಕಷ್ಟವಿಲ್ಲ. ನಿನ್ನ ಫೀಸಿನ ಎರಡನೇ ಕಂತನ್ನೂ ನಾವು ಕಟ್ಟಿಯಾಗಿದೆ, ಅದು ವಾಪಸು ಬರುವ ಪೈಕಿ ಅಲ್ಲ. ಇನ್ನು ಸ್ವರಲಿಪಿಯ ಮಾತು. ಸಂಗೀತ ರಚನಕಾರ ರೋದ್ರಿಗೊ ಅವರ, ವಾದ್ಯವೃಂದದ ಜೊತೆ ನುಡಿಸುವ ಪ್ರಸಿದ್ಧ ಗಿಟಾರ್ ಕನ್ಸರ್ಟೊವನ್ನು 1991ರಲ್ಲಿ ನುಡಿಸಲು ಹೊರಟಾಗ ಪಾಕೊ ನಲವತ್ತು ದಾಟಿದ್ದರು, ಹೆಸರು ಆಗಲೇ ಆಕಾಶ ಮುಟ್ಟಿತ್ತು. ಆಗ ಅವರು ಲಿಪಿ ಹಿಡಿದು ಕೂತು ಗುದ್ದಾಡಿದರು. ಬಾರದು ಎಂಬುದನ್ನು ಅವರು ಹೆಮ್ಮೆಯ ವಿಷಯ ಮಾಡಿಕೊಳ್ಳಲಿಲ್ಲ. ನೀನು ಥಿಯರಿ ಪರೀಕ್ಷೆ ತಪ್ಪಿಸಲು ಅವರ ಹೆಸರು ಹೇಳುವುದು ಅವರಿಗೇ ಅನ್ಯಾಯ.

ನಿನ್ನ ಮೇಲ್‌ನಲ್ಲಿ ಇಲ್ಲದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ. ಹದಿಹರೆಯದಲ್ಲಿ ಪಾಕೊ ಒಂದು ನೃತ್ಯ ತಂಡದ ಜೊತೆ ಅಮೆರಿಕಕ್ಕೆ ಹೋಗಿದ್ದರು. ಅಲ್ಲಿ ಹಿರಿಯ ವಾದಕ ಸಬೀಕಾಸ್ ಅವರ ಮುಂದೆ ನುಡಿಸಿದರು. ಆ ಕಾಲದಲ್ಲಿ ಎಲ್ಲ ಹುಡುಗರೂ ಅನುಸರಿಸುತ್ತಿದ್ದ ನೀನ್ಯೊ ರಿಕಾರ್ಡೊ ಅವರ ವಾದನವೇ ಇವರ ಬೆರಳಲ್ಲೂ ಇತ್ತು. ಸಬೀಕಾಸ್ ಕೇಳಿ, ಬೇರೆಯವರದನ್ನು ನುಡಿಸುವುದು ಬಿಡು, ನಿನ್ನದನ್ನು ಹುಡುಕು ಎಂಬ ಅರ್ಥದ ಮಾತು ಹೇಳಿದರು. ಹುಡುಗನಿಗೆ ಚುಚ್ಚಿರಬೇಕು. ಆದರೆ ಫ್ಲಮೆಂಕೊ ಎಂಬ ಆ ದಕ್ಷಿಣ ಸ್ಪೇನಿನ ಸಂಗೀತದಲ್ಲಿ ಗಿಟಾರ್ ಮುಂದೆ ಹಿಡಿದ ಹಾದಿಗೆ ಆ ಮಾತಿನ ಋಣವಿದೆ.

ಇದನ್ನು ಯಾಕೆ ಹೇಳುತ್ತಿದ್ದೇನೆಂದು ನಿನಗೆ ಗೊತ್ತಾಗಿರುತ್ತದೆ. ದಸರಾ ರಜೆಯಲ್ಲಿ ಬಂದಾಗ ಬೆರಳುಗಳು ಒಂದರ ಹಿಂದೊಂದು ಒಂದೇ ತಂತಿಯನ್ನು ಬೇಗಬೇಗ ಮೀಟುವ ಆ ಟ್ರೆಮೊಲೊ ತುಣುಕು ನುಡಿಸಿದೆಯಲ್ಲ, ಮನೆ ತುಂಬ ಇದ್ದ ನೆಂಟರು “ಥೇಟ್ ವೀಡಿಯೊದಲ್ಲಿ ಇದ್ದ ಹಾಗೇ” ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಆ ವೀಡಿಯೊ ಹುಡುಕಿ ನೋಡಿದೆ. ನಡುವೆ ಒಂದು ಕಡೆ ಆ ವಾದಕನ ತಂತಿ ಶ್ರುತಿ ಇಳಿದಿದೆ. ಆತ ಕ್ಷಣ ತಡೆದು ಬಿರಡೆ ತಿರುಗಿಸಿ ಮುಂದುವರಿಯುತ್ತಾನೆ. ನಿನ್ನ ತಂತಿ ಸರಿಯಾಗಿಯೇ ಇತ್ತು. ಆದರೂ ನೀನು ಅದೇ ಜಾಗದಲ್ಲಿ, ಅಷ್ಟೇ ಹೊತ್ತು ನಿಂತೆ. ಅಷ್ಟು ಸೂಕ್ಷ್ಮ ಕಿವಿ ನಮ್ಮ ಎರಡೂ ಮನೆತನಗಳಲ್ಲಿ ಯಾರಿಗೂ ಇರಲಿಲ್ಲ. ಆ ಕಿವಿಯನ್ನು ಕಂಡು ನನಗೆ ಹಿಗ್ಗೂ ಆಯಿತು, ದಿಗಿಲೂ ಆಯಿತು.

ಇದೇ ಕಿವಿ ನಮ್ಮ ಸೀಮೆಯ ಇನ್ನೊಂದು ಮಗುವಿಗಿತ್ತು. ಇಲ್ಲಿಂದ ಕೂಗಳತೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ. ಗ್ರಾಮಫೋನ್ ತಟ್ಟೆಯಲ್ಲಿ ದೊಡ್ಡ ಉಸ್ತಾದರು ಹಾಡಿದ್ದನ್ನು ಆ ಹುಡುಗ ಕೂದಲೆಳೆಯಷ್ಟೂ ತಪ್ಪದೆ ಹಾಡಿಬಿಡುತ್ತಿದ್ದ. ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂದು ಕರೆದರು, ಹೆಸರು ಹಾಗೇ ನಿಂತಿತು. ತಂದೆ ಸಿದ್ದರಾಮಯ್ಯನವರು ಮಗನನ್ನು ಊರೂರಿನ ಕಛೇರಿಗಳಿಗೆ ಕರೆದೊಯ್ದರು, ಜನ ಮುಗಿಬಿದ್ದರು. ಅಲ್ಲಿಗೇ ನಿಂತಿದ್ದರೆ ಆ ಹುಡುಗ ತಟ್ಟೆಗಳ ಜೊತೆಗೇ ಮರೆತುಹೋಗುತ್ತಿದ್ದ. ಆದರೆ ಹನ್ನೊಂದು ಹನ್ನೆರಡರ ವಯಸ್ಸಿಗೆ ಅವನು ಮುಂಬೈಯಲ್ಲಿ ಬಿ.ಆರ್. ದೇವಧರ ಅವರ ಶಾಲೆ ಸೇರಿದ. ದೇವಧರರು ಒಂದೇ ಘರಾಣೆಯ ಬೇಲಿಯೊಳಗೆ ಕೂತವರಲ್ಲ. ನಾನಾ ಘರಾಣೆಗಳ ಗಾಯಕರು ಅವರಲ್ಲಿಗೆ ಬಂದು ಹೋಗುತ್ತಿದ್ದರು. ದೇಶವೆಲ್ಲ ಹೊಗಳಿದ ಬಾಲಗಾಯಕ ಅಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಯಾಗಿ ಕೂತ. ಮುಂದೆ ಕ್ಷಯರೋಗ ಬಂದು, ಮಧ್ಯಪ್ರದೇಶದ ದೇವಾಸ್‌ನಲ್ಲಿ ಹಾಡದೆ ಮಲಗಿದ್ದ ವರ್ಷಗಳಲ್ಲಿ ಮಾಳವದ ಜನಪದ ಹಾಡುಗಳು ಕಿವಿಗೆ ಬಿದ್ದವು. ಎದ್ದ ಮೇಲೆ ಅವರು ಹಾಡಿದ್ದನ್ನು ಅದಕ್ಕೆ ಮುಂಚೆ ಯಾರೂ ಹಾಗೆ ಹಾಡಿರಲಿಲ್ಲ.

ನನ್ನ ಚಿಂತೆ ಇಷ್ಟೇ. ನಿನಗೆ ಈಗ ಬೇಕಿರುವುದು ವೇದಿಕೆ ಅಲ್ಲ, ದೇವಧರರಂಥವರೊಬ್ಬರು.

“ಸರ್‌ಗೆ ನನ್ನಷ್ಟು ವೇಗವಾಗಿ ನುಡಿಸಲು ಬರುವುದಿಲ್ಲ” ಎಂದು ದೂರು ಬರೆದಿದ್ದೀಯ. ಮ್ಯಾಂಡೊಲಿನ್ ಶ್ರೀನಿವಾಸರ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ನುಡಿಸಲು ಬರುತ್ತಲೇ ಇರಲಿಲ್ಲ, ಗೊತ್ತೇ? ಅವರು ಹಾಡುತ್ತಿದ್ದರು, ಆ ಪುಟ್ಟ ಹುಡುಗ ಹಾಡನ್ನು ತಂತಿಯ ಮೇಲೆ ತರುತ್ತಿದ್ದ. ಬೆರಳು ಎಲ್ಲಿಡಬೇಕೆಂದು ತೋರಿಸುವವರಿಲ್ಲದ್ದರಿಂದ ದಾರಿಯನ್ನು ತಾನೇ ಮಾಡಿಕೊಳ್ಳಬೇಕಾಯಿತು. ಜೋಡಿ ತಂತಿಗಳ ವಾದ್ಯ ಸ್ವರವನ್ನು ಓಲಾಡಿಸುವ ಗಮಕಕ್ಕೆ ಒಗ್ಗದಿದ್ದಾಗ ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದರು. ಹಾಗಾಗಿ ನಿನ್ನ ಸರ್ ನಿಧಾನವಾಗಿ ನುಡಿಸುತ್ತಾರೆಂಬುದು ನನ್ನ ಮುಂದೆ ನಡೆಯುವ ದೂರಲ್ಲ. ಅವರಿಗೆ ಕೇಳಿಸುವುದು ನಿನಗೆ ಕೇಳಿಸುತ್ತಿದೆಯೇ, ಅದನ್ನು ನೋಡು. ಟ್ರೆಮೊಲೊದಲ್ಲಿ ನಿನ್ನ ಉಂಗುರದ ಬೆರಳು ನಡುಬೆರಳಿಗಿಂತ ಸಣ್ಣಗೆ ಕೇಳುತ್ತದೆ. ಸಂಗೀತದ ಗಂಧವಿಲ್ಲದ ನನಗೇ ಗೊತ್ತಾಯಿತು.

ಇನ್ನು ನನ್ನ ವೃತ್ತಿಯ ಮಾತು. ಇದರಲ್ಲಿ ರಾಜಿ ಇಲ್ಲ. ಫಿಸಿಯೋಥೆರಪಿಗೆ ಬರುವ ದರ್ಜಿಗಳ, ದಿನವಿಡೀ ರೊಟ್ಟಿ ತಟ್ಟುವ ಹೆಂಗಸರ ಕೈಗಳನ್ನು ನಾನು ನಿತ್ಯ ಹಿಡಿದು ನೋಡುವವಳು. ವೀಡಿಯೊ ಕಾಲ್‌ನಲ್ಲಿ ನೀನು ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಿದಾಗ ನಿನ್ನ ಎಡ ಮಣಿಕಟ್ಟು ಮುರಿದಂತೆ ಬಾಗಿತ್ತು, ಹೆಬ್ಬೆರಳು ಗಿಟಾರಿನ ಹಿಡಿಯನ್ನು ಹಿಸುಕುತ್ತಿತ್ತು. ಕಾಲಿನ ಕೆಳಗೆ ಸ್ಟೂಲ್ ಇಟ್ಟು ಗಿಟಾರಿನ ತಲೆ ಎತ್ತರಿಸು, ಮಣಿಕಟ್ಟು ತಾನೇ ನೆಟ್ಟಗಾಗುತ್ತದೆ. ಬೆರಳ ತುದಿ ಜೋಮು ಹಿಡಿದರೆ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ಅಮೆರಿಕದ ಗಿಟಾರ್ ವಾದಕ ಡೇವಿಡ್ ಲೈಸ್ನರ್ ಅವರಿಗೆ ಫೋಕಲ್ ಡಿಸ್ಟೋನಿಯಾ ಎಂಬ ತೊಂದರೆಯಿಂದ ಬೆರಳುಗಳು ಮಾತು ಕೇಳದಾಗಿ, ವರ್ಷಗಟ್ಟಲೆ ಕಛೇರಿಯೇ ನಿಂತುಹೋಗಿತ್ತು. ಭುಜ ಮತ್ತು ತೋಳಿನ ದೊಡ್ಡ ಸ್ನಾಯುಗಳಿಂದ ನುಡಿಸುವುದನ್ನು ಮೊದಲಿನಿಂದ ರೂಢಿಸಿಕೊಂಡು ಮರಳಿ ಬಂದರು. ಅವರು ಗೆದ್ದರು, ಸರಿ. ನೀನು ಆ ಯುದ್ಧಕ್ಕೆ ಹೋಗುವುದೇ ಬೇಡ.

“ಈಗ ಬಿಟ್ಟರೆ ತಡವಾಗುತ್ತದೆ” ಎಂದಿದ್ದೀಯ. ತಡವಾದವರ ಕಥೆಯನ್ನೂ ಕೇಳು. ಅಮೆರಿಕದ ನಾರ್ತ್ ಕೆರೊಲಿನಾದ ಕಪ್ಪು ಕುಟುಂಬವೊಂದರ ಹುಡುಗಿ ಎಲಿಜಬೆತ್ ಕಾಟನ್. ಮನೆಗೆಲಸ ಮಾಡಿ ಕೂಡಿಟ್ಟ ಹಣದಲ್ಲಿ ಗಿಟಾರ್ ಕೊಂಡಳು. ಎಡಚಿ, ಹೇಳಿಕೊಡುವವರಿಲ್ಲ. ಗಿಟಾರನ್ನು ತಿರುವುಮುರುವಾಗಿ ಹಿಡಿದು, ಬೆರಳಲ್ಲಿ ಮಂದ್ರ ತಂತಿ, ಹೆಬ್ಬೆರಳಲ್ಲಿ ರಾಗ ನುಡಿಸುವ ತನ್ನದೇ ಕ್ರಮ ಕಟ್ಟಿದಳು. ಗೂಡ್ಸ್ ರೈಲಿನ ಬಗ್ಗೆ ಬಾಲ್ಯದಲ್ಲಿ ಕಟ್ಟಿದ ಹಾಡು ಮುಂದೆ ಲೋಕಪ್ರಸಿದ್ಧವಾಯಿತು. ಮದುವೆ, ಚರ್ಚು, ಸಂಸಾರ ಎಂದು ಗಿಟಾರ್ ದಶಕಗಳ ಕಾಲ ಬಿಟ್ಟೇಹೋಯಿತು. ಕೆಲಸಕ್ಕಿದ್ದ ಮನೆ ಸಂಗೀತಗಾರರದಾಗಿತ್ತು, ಅಲ್ಲಿನ ಗಿಟಾರ್ ಮತ್ತೆ ಕೈಗೆತ್ತಿಕೊಂಡರು. ಮೊದಲ ಆಲ್ಬಂ ಬಂದಾಗ ಅರವತ್ತು ದಾಟಿತ್ತು, ತೊಂಬತ್ತು ದಾಟಿದ ಮೇಲೆ ಗ್ರ್ಯಾಮಿ. ಇದನ್ನು ಸುಖಾಂತ್ಯದ ಕಥೆಯೆಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಡುವಿನ ಆ ದಶಕಗಳನ್ನು ಯಾರು ಕೊಡಬೇಕು? ನಿನ್ನ ಕೈಯಿಂದ ಗಿಟಾರನ್ನು ಮದುವೆಯೋ, ನೌಕರಿಯೋ, ನೆಂಟರ ಮಾತೋ ಕಿತ್ತುಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ವರ್ಷದ ಪಿಯುಸಿ ಅದನ್ನು ಕಿತ್ತುಕೊಳ್ಳುವುದಿಲ್ಲ.

ಆದ್ದರಿಂದ ಪಿಯುಸಿ ಓದುತ್ತೀಯ. ವಿಷಯ ನಿನ್ನ ಆಯ್ಕೆ. ಸೈನ್ಸ್ ಬೇಡವೆಂದರೆ ಅಪ್ಪನನ್ನು ಒಪ್ಪಿಸುವುದು ನನಗಿರಲಿ, ಟ್ಯೂಷನ್ ಇಲ್ಲದಿದ್ದರೆ ಸಂಜೆಗಳೆಲ್ಲ ನಿನ್ನವೇ. ನೀನು ಕೇಳಿದ ಟಿವಿ ಸ್ಪರ್ಧೆಗೆ ಈ ವರ್ಷ ಹೆಸರು ಕೊಡುವುದಿಲ್ಲ. ಹದಿನೆಂಟು ತುಂಬಿದ ಮೇಲೆ ನಿನ್ನ ಇಷ್ಟ, ಆಗ ನಾನೇ ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಒಳ್ಳೆಯ ಗಿಟಾರ್ ಬೇಕೆಂದು ಕೇಳಿದ್ದೆಯಲ್ಲ, ಅದಕ್ಕೆ ದುಡ್ಡು ಎತ್ತಿಟ್ಟಿದ್ದೇನೆ. ಯಾವುದೆಂದು ಸರ್ ಜೊತೆ ಹೋಗಿ ನುಡಿಸಿ ನೋಡಿ ಹೇಳು.

ಈ ತಿಂಗಳು ಆ ಟ್ರೆಮೊಲೊ ತುಣುಕನ್ನು ಅರ್ಧ ವೇಗದಲ್ಲಿ, ವೀಡಿಯೊ ನೋಡದೆ, ನಿನಗೆ ನಿಲ್ಲಬೇಕೆನಿಸಿದಲ್ಲಿ ಮಾತ್ರ ನಿಂತು ನುಡಿಸಿ ಕಳಿಸು. ಶುಕ್ರವಾರದ ಬಸ್ಸಿಗೆ ಅತ್ತೆಗೂ ನಿನಗೂ ಕುಂದಾ ಕಳಿಸುತ್ತಿದ್ದೇನೆ. ತಿಂದು ಕೈ ತೊಳೆದುಕೊಂಡೇ ತಂತಿ ಮುಟ್ಟು.

ನಿನ್ನ
ಅವ್ವ