ಸಹಿ ಹಾಕದ ದೊಡ್ಡವ್ವನ ಪತ್ರ

ವಿಜಯಪುರ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮ ಸಮಾಚಾರ ಬರೆಯುತ್ತಿರು ಅಂತ ಮುಂದಿನ ಸಾಲು ಬರೆಯಬೇಕು. ಆದರೆ ನೀನು ಬೆಳಿಗ್ಗೆ ಏನು ತಿಂದೆ ಅನ್ನುವುದೂ ಫೋಟೋದಲ್ಲಿ ಬರುತ್ತದೆ. ಹಾಗಾಗಿ ಅದನ್ನು ಬಿಡುತ್ತೇನೆ.

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ನಿಲ್ಲಿಸಬೇಕು ಅಂತ ನೀನು ಮನೆಯವರ ಗ್ರೂಪಿಗೆ ಹಾಕಿದ ಅರ್ಜಿ ಓದಿದೆ. ದೊಡ್ಡವ್ವ ಇಷ್ಟು ವರ್ಷ ಟೀಚರ್ ಆಗಿದ್ದವಳು, ಅವಳ ಸಹಿ ಮೊದಲು ಬೀಳಲಿ ಅಂತಲೂ ಬರೆದಿದ್ದೆ. ಎಂಟು ದಿನ ಆಯ್ತು, ನಾನು ಸಹಿ ಹಾಕಿಲ್ಲ. ನಿನಗೆ ಸಿಟ್ಟು ಬಂದಿದೆ ಅಂತ ನಿಮ್ಮವ್ವ ಹೇಳಿದಳು. ಫೋನಿನಲ್ಲಿ ಹೇಳೋಣವೆಂದರೆ ಎರಡನೇ ಮಾತಿಗೇ 'ಹಾಂಗಲ್ಲ ದೊಡ್ಡವ್ವ' ಅಂತ ಅಡ್ಡ ಬರುತ್ತೀಯ. ಪತ್ರಕ್ಕೆ ಅಡ್ಡ ಬರಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವೀಗನ್ ಆದೆ, ಪ್ರಾಣಿಗಳಿಂದ ಬರುವ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟೆ ಅಂತ ನಾನು ನಿನಗೆ ಯಾವತ್ತೂ ಹುಚ್ಚಿ ಅಂದಿಲ್ಲ. ದೀಪಾವಳಿಗೆ ಬಂದಾಗ 'ಹಾಲು ಕರುವಿನದು' ಅಂದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಯಾಕೆ ಅಂತ ಈವರೆಗೆ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

1972ರ ಬರ. ನನಗೆ ಒಂಬತ್ತು ವರ್ಷ. ಬಾವಿಯ ತಳ ಕಾಣುತ್ತಿತ್ತು, ಕಣಕಿ ಬಣವಿ ಮುಗಿಯುತ್ತ ಬಂದಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಎಮ್ಮೆ ಈಯ್ದಿತು. ಹುಟ್ಟಿದ್ದು ಕೋಣಗರು. ಹೆಣ್ಣಾಗಿದ್ದರೆ ಮಾತೇ ಬೇರೆ. ನಮ್ಮ ಆಯಿ, ಅಂದರೆ ನಮ್ಮಜ್ಜಿ, ಅದನ್ನು ಎಮ್ಮೆ ಹಾಲಿಳಿಸುವಷ್ಟು ಹೊತ್ತು ಮಾತ್ರ ಕೆಚ್ಚಲಿಗೆ ಬಿಡುತ್ತಿದ್ದಳು. ಆಮೇಲೆ ಕಿವಿ ಹಿಡಿದು ಎಳೆದು ಗೂಟಕ್ಕೆ ಕಟ್ಟುತ್ತಿದ್ದಳು. ಹಾಲು ಮಾರಿದರಷ್ಟೇ ಆವತ್ತಿನ ಜೋಳ. ಕರುವನ್ನು ಯಾರೂ ಹೊಡೆಯಲಿಲ್ಲ, ಯಾರೂ ಕಡಿಯಲಿಲ್ಲ. ಇಪ್ಪತ್ತು ದಿನಕ್ಕೆ ತಾನಾಗಿ ಸತ್ತಿತು.

ಕರು ಇಲ್ಲದೆ ಎಮ್ಮೆ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಒದೆಯತೊಡಗಿತು. ಆಗ ಕೇರಿಯಿಂದ ಒಬ್ಬ ಮುದುಕನನ್ನು ಕರೆಸಿದರು. ಅವನು ಹಿತ್ತಲಲ್ಲಿ ಕೂತು ಕರುವಿನ ಚರ್ಮ ಸುಲಿದ. ಉಪ್ಪು ಹಚ್ಚಿ ಒಣಗಿಸಿ, ಒಳಗೆ ಹೊಟ್ಟು ತುಂಬಿ ಹೊಲಿದ. ಕಾಲಿಗೆ ನಾಲ್ಕು ಕಟ್ಟಿಗೆ. ಕಣ್ಣಿದ್ದ ಕಡೆ ಎರಡು ತೂತು. ಅದನ್ನು ತಂದು ಎಮ್ಮೆಯ ಮುಂದೆ ನಿಲ್ಲಿಸಿದರು. ಎಮ್ಮೆ ಮೂಸಿತು. ಕುತ್ತಿಗೆಯಿಂದ ಬೆನ್ನಿನವರೆಗೆ ನೆಕ್ಕತೊಡಗಿತು. ನೆಕ್ಕಿ ನೆಕ್ಕಿ ಆ ಕೂದಲು ಒದ್ದೆಯಾಗಿ ಒಂದೇ ಕಡೆ ಮಲಗಿತು. ಕೆಳಗೆ ಕೂತು ಆಯಿ ತಂಬಿಗೆ ತುಂಬ ಹಾಲು ಕರೆದಳು.

ನಾನು ನಾಲ್ಕು ದಿನ ಹಾಲು ಮುಟ್ಟಲಿಲ್ಲ. ಐದನೇ ದಿನ ಕುಡಿದೆ. ಇವತ್ತಿಗೂ ಕುಡಿಯುತ್ತೇನೆ, ಎರಡು ಹೊತ್ತು ಚಹಾದಲ್ಲಿ. ಸುಳ್ಳು ಯಾಕೆ ಹೇಳಲಿ.

ಆ ಮುದುಕ ಹೊಟ್ಟು ತುಂಬಿದ ಕರುವನ್ನು ಕೊಟ್ಟಿಗೆಯ ಬಾಗಿಲಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತ. ನಮ್ಮವರು ಅದಕ್ಕೆ ನೀರು ಚಿಮುಕಿಸಿ ಒಳಗೆ ತಂದರು. ಅವನು ಹೊಲಿದ ಚರ್ಮವನ್ನು ನಮ್ಮ ಎಮ್ಮೆ ನೆಕ್ಕಬಹುದಿತ್ತು, ಅವನು ನಮ್ಮ ಬಾಗಿಲ ಚೌಕಟ್ಟು ಮುಟ್ಟುವಂತಿರಲಿಲ್ಲ. ಕೂಲಿ ಎರಡು ರೊಟ್ಟಿ. ಅದನ್ನೂ ಮೇಲಿಂದ ಅವನ ವಲ್ಲಿಗೆ ಹಾಕಿದರು. ಕರುವಿನ ಮಾಂಸವನ್ನು ಅವನು ಬುಟ್ಟಿಯಲ್ಲಿ ಒಯ್ದ. ಬರಗಾಲ ನೋಡು, ಆವತ್ತು ಅವನ ಮನೆಯ ಒಲೆ ಹೊತ್ತಿರಬೇಕು. ಸಂಜೆ ಕಟ್ಟೆಯ ಮೇಲೆ ಕೂತವರು 'ಸತ್ತದ್ದು ತಿನ್ನೋ ಮಂದಿ' ಅಂತ ಮೂಗು ಮುಚ್ಚಿಕೊಂಡರು. ಅವರ ಕೈಯಲ್ಲಿದ್ದ ಚಹಾ ಅದೇ ಎಮ್ಮೆಯ ಹಾಲಿನದು.

ಕರುವನ್ನು ಉಪವಾಸ ಕೆಡವಿದವರು ನಾವು. ಹೊಲಸು ಅನ್ನಿಸಿಕೊಂಡವನು ಅವನು. ನಿನ್ನ ಅರ್ಜಿಯಲ್ಲಿ ಕರು ಇದೆ, ಕೋಳಿ ಇದೆ. ಈ ಮುದುಕ ಇಲ್ಲ.

ವೀಗನ್ ಅನ್ನೋ ಪದವನ್ನು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಯವರು ಮಾಡಿಕೊಂಡರು. ವೆಜಿಟೇರಿಯನ್ ಪದದ ತಲೆ ಬಾಲ ಇಟ್ಟುಕೊಂಡು ನಡು ತೆಗೆದರು, ಅಷ್ಟೇ. ವಿಚಾರ ಮಾತ್ರ ಅದಕ್ಕಿಂತ ಹಳೆಯದು. ನಮ್ಮ ಬೆಳಗಾವಿಗೂ ಬಂದು ಹೋಗಿದೆ. 1924ರ ಡಿಸೆಂಬರ್‌ನಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತಲ್ಲ, ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದಕ್ಕೇ. ಅದೇ ದಿನಗಳಲ್ಲಿ ಅದೇ ಊರಲ್ಲಿ ಅವರು ಗೋರಕ್ಷಣೆಯ ಸಭೆಯಲ್ಲಿ ಮಾತಾಡಿದರು, ಅಸ್ಪೃಶ್ಯತೆ ಹೋಗಬೇಕು ಅನ್ನುವ ಸಭೆಯಲ್ಲೂ ಮಾತಾಡಿದರು. ಹಾಲು ಬಿಡುವ ಆಣೆಯನ್ನು ಅವರು 1912ರಲ್ಲೇ ಮಾಡಿಕೊಂಡಿದ್ದರು. 1918ರಲ್ಲಿ ಹಿಡಿದ ಬೇನೆ ಬಿಡದಿದ್ದಾಗ ದಾರಿ ತೋರಿಸಿದವರು ಕಸ್ತೂರಬಾ. ಆಣೆ ಮಾಡಿದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಆಕಳು, ಎಮ್ಮೆ, ಆಡು ಅಲ್ಲವಲ್ಲ ಅಂದರು. ಗಾಂಧೀಜಿ ಆಡಿನ ಹಾಲು ಕುಡಿದರು. ಆದರೆ ಅದು ಅವರನ್ನು ಬಹಳ ಕಾಲ ಚುಚ್ಚುತ್ತಿತ್ತು. ನಿಮ್ಮವ್ವನಿಗೆ ಇದನ್ನು ಹೇಳಿದೆ. 'ಹಾಂಗಾರ ಈಕೀಗೂ ಒಂದು ಆಡು ತಂದು ಕಟ್ಟೂಣೇನು?' ಅಂದಳು.

ಅಂಬೇಡ್ಕರ್ ದಾರಿ ಬೇರೆ. ಸತ್ತ ದನ ಹೊರುವುದನ್ನು ಬಿಡಿ, ಅದರ ಮಾಂಸ ತಿನ್ನುವುದನ್ನು ಬಿಡಿ ಅಂತ 1927ರಲ್ಲಿ ಮಹಾಡ್‌ನಲ್ಲಿ ತಮ್ಮ ಜನಕ್ಕೆ ಹೇಳಿದರು. ದನದ ಮೇಲಿನ ಮರುಕದಿಂದಲ್ಲ, ತಮ್ಮವರ ಮಾನಕ್ಕಾಗಿ. ಅದಾಗಿ ತೊಂಬತ್ತು ವರ್ಷ ಆಗುತ್ತ ಬಂದಾಗ, 2016ರಲ್ಲಿ, ಗುಜರಾತಿನ ಊನಾದಲ್ಲಿ ಸತ್ತ ಆಕಳ ಚರ್ಮ ಸುಲಿದ ಹುಡುಗರನ್ನು ಕಟ್ಟಿ ಹೊಡೆದರು. ಇನ್ನು ಮುಂದೆ ಸತ್ತ ದನ ಎತ್ತುವುದಿಲ್ಲ ಅಂತ ಅಲ್ಲಿನ ದಲಿತರು ಕೈ ಕೊಡವಿದರು. ಮಾಂಸ ಬಿಡುವುದು ಒಂದೇ ಕೆಲಸ ಇರಬಹುದು ಕೂಸೇ. ಯಾರು ಬಿಡುತ್ತಾರೆ, ಯಾರು ಬಿಡಿಸುತ್ತಾರೆ ಅನ್ನುವುದರ ಮೇಲೆ ಅದರ ಅರ್ಥ ಬದಲಾಗುತ್ತದೆ.

ಈಗ ಮೊಟ್ಟೆಗೆ ಬರುತ್ತೇನೆ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು, ನಮ್ಮದೂ ಒಂದು. ನನ್ನ ನೌಕರಿ ಇನ್ನೂ ಸ್ವಲ್ಪ ಉಳಿದಿತ್ತು. ಮೊಟ್ಟೆ ಕೊಟ್ಟ ಮೊದಲ ದಿನ ಮೂರನೇ ಕ್ಲಾಸಿನ ಒಂದು ಹುಡುಗಿ ತನ್ನ ಪಾಲಿನದನ್ನು ತಿನ್ನದೆ ಪಾಟಿಚೀಲದಲ್ಲಿ ಇಟ್ಟುಕೊಂಡಳು. ಮಧ್ಯಾಹ್ನ ಪುಸ್ತಕ ತೆಗೆದರೆ ಹಾಳೆಯ ಮೇಲೆಲ್ಲ ಭಂಡಾರ ಚೆಲ್ಲಿದ ಹಾಗೆ ಹಳದಿ. ಬೈಯಲು ಬಾಯಿ ತೆಗೆದೆ.

'ಯಾಕವ್ವ, ತಿನ್ನಲಿಲ್ಲೇನು?'

'ತಮ್ಮಗ ಒಯ್ಯಾಕತ್ತಿದ್ನಿ ಟೀಚರ್. ಅವ ಇನ್ನ ಸಾಲೀಗಿ ಬರೂದಿಲ್ಲಲ್ರಿ.'

ಅಪ್ಪ ಅವ್ವ ಕಬ್ಬು ಕಡಿಯಲು ಹೋಗಿದ್ದರು. ತಾಂಡಾದಲ್ಲಿ ಮುದುಕಿಯ ಜೊತೆ ಇಬ್ಬರು ಮಕ್ಕಳು. ಬೈಗುಳ ಗಂಟಲಲ್ಲೇ ಉಳಿಯಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ನನಗೆ ಆ ಲೆಕ್ಕ ಬೇಕಿರಲಿಲ್ಲ. ಪ್ರಾರ್ಥನೆಗೆ ಸಾಲು ನಿಲ್ಲಿಸಿದರೆ ಐದನೇ ಕ್ಲಾಸಿನ ಸಾಲು ಯಾವುದು, ಮೂರನೆಯದು ಯಾವುದು ಅಂತ ನನಗೇ ಗೊಂದಲ ಆಗುತ್ತಿತ್ತು.

ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ ಇತ್ತು. ನಮ್ಮ ಪೈಕಿ ಒಬ್ಬ ಹುಡುಗ ಬಾಳೆಹಣ್ಣಿನ ಸಾಲಿನಿಂದ ಮೆಲ್ಲಗೆ ಮೊಟ್ಟೆಯ ಸಾಲಿಗೆ ಸರಿದು 'ಟೀಚರ್, ಮನ್ಯಾಗ ಹೇಳಬ್ಯಾಡ್ರಿ' ಅಂದ. ನಾನು ಹೇಳಿಲ್ಲ. ಅವನ ಅಪ್ಪ ನಮ್ಮ ಗ್ರೂಪಿನಲ್ಲೇ ಇದ್ದಾನೆ. ನಿನ್ನ ಅರ್ಜಿಗೆ ಎರಡನೇ ಸಹಿ ಅವನದೇ. ಯಾರು ಅಂತ ಕೇಳಬೇಡ.

ಆ ಸಹಿಗಳನ್ನು ನೋಡಿ ನೀನು ಹಿಗ್ಗಿದ್ದೀಯ. ಸ್ವಲ್ಪ ನಿಂತು ನೋಡು. ಅದರಲ್ಲಿ ಎಷ್ಟು ಜನ ಹಾಲು ಬಿಟ್ಟಿದ್ದಾರೆ? ಎಷ್ಟು ಜನಕ್ಕೆ ಕೋಳಿಯ ಪಂಜರ ಗೊತ್ತು? 2021ರಲ್ಲಿ ಕೆಲವು ಸ್ವಾಮಿಗಳು, ನಮ್ಮ ಓಣಿಯ ಹಿರಿಯರು ಮೊಟ್ಟೆ ಬೇಡ ಅಂದಾಗ ಕೋಳಿಯ ಪರವಾಗಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. 'ನಮ್ಮ ಮಕ್ಕಳ ಪಂಕ್ತಿಗೆ ಅದನ್ನ ತಂದರಲ್ಲ' ಅನ್ನುವುದೇ ಅವರ ಸಂಕಟ. ನೀನು ಬರೆದದ್ದು ದಯೆ ಅಂತ. ಅವರು ಓದಿಕೊಂಡದ್ದು ಮಡಿ ಅಂತ. ನಿನ್ನ ಮರುಕ ಅವರ ಕೊಡಲಿಗೆ ಕಾವಾಯಿತು.

ಕೋಳಿಯ ವಿಷಯದಲ್ಲಿ ನಿನ್ನದೇ ಸರಿ. ರೆಕ್ಕೆ ಬಿಚ್ಚಲೂ ಜಾಗವಿಲ್ಲದ ತಂತಿ ಪಂಜರ, ಹುಟ್ಟಿದ ಕೂಡಲೇ ಕೊಲ್ಲುವ ಗಂಡುಮರಿ, ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಕೋಣಗರು ಏನಾಯಿತು ಅಂತ ಕಂಡವಳು ಗಂಡುಮರಿ ಏನಾಯಿತು ಅಂತ ಬೇರೆ ಕೇಳಬೇಕೇ? ಆದರೆ ಆ ಪಂಜರ ಕಟ್ಟಿದ್ದು ತಾಂಡಾದ ಹುಡುಗಿ ಅಲ್ಲ. ಅವಳ ತಟ್ಟೆಯಿಂದ ಶುರು ಮಾಡಬೇಡ. ಮೊದಲು ಆ ತಟ್ಟೆಗೆ ದಿನಾ ಹಿಡಿ ಶೇಂಗಾ, ಮೊಳಕೆ ಹೆಸರು, ಬೇಳೆ ಕೈಗೆ ಸಿಗುವಂಥ ಗಟ್ಟಿ ಸಾರು ಬೀಳುವ ಹಾಗೆ ಮಾಡು. ಅದು ಒಂದು ವರ್ಷ ತಪ್ಪದೆ ಬೀಳಲಿ. ಆಮೇಲೆ ಮೊಟ್ಟೆಯ ಮಾತು ತೆಗೆ, ಆವತ್ತು ನಾನೂ ನಿನ್ನ ಜೊತೆ ಕೂರುತ್ತೇನೆ.

ನೀನು ಕಳಿಸಿದ ಹಾಲಿಲ್ಲದ ಕುಂದಾ ಬಂತು. ಚೆನ್ನಾಗಿತ್ತು, ಕುಂದಾ ಅಂತ ಹೆಸರಿಡದೆ ಇದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಬೆಳಗಾವಿ ಕುಂದಾ ಅಂದರೆ ಹಾಲನ್ನು ಕಾಯಿಸಿ ಕಾಯಿಸಿ ಕೆಂಪಗೆ ಮಾಡಿದ್ದು, ಅಲ್ವಾ? ಹೋಗಲಿ. ಡಬ್ಬಿಯ ಮೇಲೆ 'ಹಿಂಸೆ ಇಲ್ಲದ್ದು' ಅಂತ ಬರೆದಿದ್ದರು. ಒಳಗಿದ್ದದ್ದು ಅರ್ಧ ಸಕ್ಕರೆ. ಸಕ್ಕರೆಯಲ್ಲಿ ಹಾಲಿಲ್ಲ, ನಿಜ. ಬಾಗಲಕೋಟೆ, ಬೆಳಗಾವಿ ಕಡೆ ಸಕ್ಕರೆ ಫ್ಯಾಕ್ಟರಿಯ ರಸ್ತೆಯಲ್ಲಿ ಚಳಿಗಾಲದಲ್ಲಿ ಒಮ್ಮೆ ನಿಂತು ನೋಡು. ಎತ್ತಿನ ಗಾಡಿಯಲ್ಲಿ ಆಳೆತ್ತರ ಕಬ್ಬು. ಎತ್ತುಗಳ ಬಾಯಲ್ಲಿ ನೊರೆ, ಏರು ಬಂದರೆ ಮೊಣಕಾಲು ಊರುತ್ತವೆ. ಗಾಡಿಯ ಮುಂದೆ ನಡೆಯುವವನು ಗಂಡ, ಹಿಂದೆ ಕೂಸು ಕಟ್ಟಿಕೊಂಡವಳು ಹೆಂಡತಿ. ಮಹಾರಾಷ್ಟ್ರದ ಕಡೆ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು 'ಕೋಯ್ತಾ' ಅಂತ ಲೆಕ್ಕ ಹಿಡಿಯುತ್ತಾರೆ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು ಸೇರಿ ಒಂದು ಕತ್ತಿ. ಅಲ್ಲಿನ ಬೀಡ್ ಜಿಲ್ಲೆಯ ಎಷ್ಟೋ ಹೆಂಗಸರು ಕೂಲಿ ತಪ್ಪಬಾರದು ಅಂತ ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ಹೊರಬಂತು. ಎತ್ತಿನ ನೊಗ ಬೇರೆ, ಆ ಹೆಂಗಸಿನ ನೊಗ ಬೇರೆ ಅಂತ ನನಗೆ ಅನ್ನಿಸುವುದಿಲ್ಲ. ಸಕ್ಕರೆ ತಿನ್ನಬೇಡ ಅನ್ನುತ್ತಿಲ್ಲ, ನಾನೇ ಚಹಾಕ್ಕೆ ಎರಡು ಚಮಚೆ ಹಾಕುವವಳು. ಆ ಡಬ್ಬಿಯ ಮೇಲಿನ ಮಾತನ್ನು ಅಷ್ಟು ಬೇಗ ನಂಬಬೇಡ ಅನ್ನುತ್ತಿದ್ದೇನೆ.

ಚಪ್ಪಲಿಯದೂ ಒಂದು ಮಾತು. ನಿನ್ನ ಕೊಲ್ಹಾಪುರಿ ಜೋಡನ್ನು ಕೆಲಸದವಳಿಗೆ ಕೊಟ್ಟು ರೆಕ್ಸಿನ್‌ದು ತಂದೆಯಂತೆ. ನಿನ್ನ ಕಾಲು, ನಿನ್ನ ಇಷ್ಟ. ಆದರೆ ಗ್ರೂಪಿನಲ್ಲಿ ಚರ್ಮದ ಕೆಲಸದವರನ್ನು ಕಟುಕರು ಅಂತ ಬರೆದೆಯಲ್ಲ, ಅದು ನನಗೆ ಸೇರಲಿಲ್ಲ. ಅಥಣಿ, ನಿಪ್ಪಾಣಿ ಕಡೆ ಮನೆ ಮನೆಯಲ್ಲಿ ಹೆಂಗಸರು ಕೂತು ಅದರ ಪಟ್ಟಿ ಹೆಣೆಯುತ್ತಾರೆ. 2019ರಲ್ಲಿ ಆ ಚಪ್ಪಲಿಗೆ ಜಿಐ ಗುರುತು, ಅಂದರೆ ಇದು ಇಂಥ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಬಸವ ಜಯಂತಿಗೆ ನಾವು ಡೋಹರ ಕಕ್ಕಯ್ಯ, ಹರಳಯ್ಯ ಅಂತ ಮಕ್ಕಳಿಂದ ಭಾಷಣ ಮಾಡಿಸುತ್ತೇವೆ. ಒಬ್ಬರು ಚರ್ಮ ಹದ ಮಾಡಿದವರು, ಇನ್ನೊಬ್ಬರು ಚಪ್ಪಲಿ ಹೊಲಿದವರು. ಮರುದಿನ ಅದೇ ಕೆಲಸದವರಿಗೆ ಕಟುಕರು ಅನ್ನುವುದೇ? ಆ ಒಂದು ಸಾಲನ್ನು ಅಳಿಸು. ಇದು ಬುದ್ಧಿಮಾತಲ್ಲ, ಹುಕುಂ ಅಂತಲೇ ತಿಳಿ.

ಬಿಟ್ಟದ್ದನ್ನು ಬಿಟ್ಟೇ ಇರು. ಹಟದಲ್ಲಿ ನೀನು ನಮ್ಮ ಆಯಿಯ ಮೊಮ್ಮಗಳ ಮಗಳೇ. ಬೇಕಾದರೆ ನಮ್ಮ ಮನೆಯವರನ್ನು ಹಿಡಿದು ಕೇಳು. ಗೊಡ್ಡು ಎಮ್ಮೆ ಎಲ್ಲಿಗೆ ಮಾರಿದಿರಿ, ಗಂಡುಗರು ಎಲ್ಲಿ ಹೋಯಿತು, ಸತ್ತಾಗ ಯಾರ ಕೈಯಿಂದ ಎತ್ತಿಸಿದಿರಿ, ಅವರು ಈಗ ಒಳಗೆ ಬಂದು ಚಹಾ ಕುಡಿಯುತ್ತಾರಾ ಅಂತ. ನಿಮ್ಮ ಮಾಮಾ ಉತ್ತರ ಕೊಡದೆ ಹೊಲಕ್ಕೆ ಹೊರಟುಬಿಡುತ್ತಾನೆ, ನೋಡುತ್ತಿರು. ಹಾಗೆಯೇ ನಿನ್ನ ಗೆಳತಿಯ ಮದುವೆಗೆ ಅವರ ಕೇರಿಗೆ ಹೋದಾಗ ಬಾಡೂಟ ಇದೆ ಅಂತ ಎದ್ದು ಬರಬೇಡ. ಪಂಕ್ತಿಯಲ್ಲಿ ಕೂತು ರೊಟ್ಟಿ, ಪುಂಡಿ ಪಲ್ಯ ಹಾಕಿಸಿಕೊಂಡು ಹೊಟ್ಟೆ ತುಂಬ ತಿಂದು ಬಾ.

ಬಿ12 ಗುಳಿಗೆ ತಪ್ಪಿಸಬೇಡ. ಕಾಳು ಕಡಿಯಲ್ಲಿ ಅದು ಸಿಗುವುದಿಲ್ಲ. ಕಾಲು ಜೋಮು ಹಿಡಿಯುತ್ತದೆ ಅಂದಿದ್ದೆಯಲ್ಲ, ಒಮ್ಮೆ ರಕ್ತ ಪರೀಕ್ಷೆ ಮಾಡಿಸು. ಮತ್ತೆ ನಿಮ್ಮವ್ವನಿಂದ ಎರಡೆರಡು ಅಡಿಗೆ ಮಾಡಿಸಬೇಡ. ಆಕೆಯದೂ ಒಂದು ಜೀವ.

ಎಳ್ಳಮವಾಸ್ಯೆಗೆ ಬಾ, ಹೊಲಕ್ಕೆ ಚರಗ ಚೆಲ್ಲಲು ಹೋಗೋಣ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಿನ್ನ ಹೋಳಿಗೆಗೆ ತುಪ್ಪ ಹಚ್ಚುವುದಿಲ್ಲ. ಹೊಸ ಅರ್ಜಿ ಬರೆದಿದ್ದರೆ ತಾ, ತಟ್ಟೆಯೂ ಪಂಜರವೂ ಎರಡೂ ಅದರಲ್ಲಿರಲಿ. ತಪ್ಪು ತಿದ್ದಲು ಕೆಂಪು ಪೆನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಇದರ ಜೊತೆ ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕಳಿಸಿದ್ದೇನೆ. ಸ್ಟೀಲಿನ ಡಬ್ಬಿ ಬರುವಾಗ ಮರೆಯದೆ ತಾ. ಅದು ನಿಮ್ಮವ್ವನದಲ್ಲ, ನನ್ನದು.

ನಿನ್ನ ದೊಡ್ಡವ್ವ